ಕೈಗೆ ಸುತ್ತಿದ ಹಗ್ಗ

ಹೆಬ್ಬೈಲಿನಲ್ಲಿ ಬೆಳಿಗ್ಗೆ ದನ ಹಿಡಿದುಕೊಂಡು ಹೋಗುವವರ ಕೈ ನೋಡಬೇಕು. ಅಂಗೈಗೆ ಎರಡು ಸುತ್ತು ಹಗ್ಗ, ಮಣಿಕಟ್ಟಿಗೆ ಒಂದು ಸುತ್ತು. ಅಪ್ಪ ಹಾಗೆ ಹಿಡಿದಿದ್ದ, ಮಗನೂ ಹಾಗೆಯೇ ಹಿಡಿದ. ಬಾವಿಯಲ್ಲಿ ನೀರು ಸೇದುವ ಹೆಂಗಸರೂ ಅಷ್ಟೆ. ಯಾಕೆ ಹೀಗೆ ಎಂದು ಕೇಳಿದರೆ, "ಸುತ್ಕಂಡ್ರೆ ಬಿಗಿ ಇರ್ತದೆ, ಇನ್ನೆಂತ?" ಎಂದು ಕೇಳಿದವರನ್ನೇ ಪಿಳಿಪಿಳಿ ನೋಡುತ್ತಾರೆ.

ಹೀಗೆ ಸುತ್ತಿಕೊಳ್ಳುವುದರಲ್ಲಿ ಊರಿಗೇ ಗಟ್ಟಿಗಿತ್ತಿ ಗುತ್ಯಮ್ಮ. ನಲವತ್ತಾರು ವಯಸ್ಸು, ಅಗಲ ಭುಜ, ಅದಕ್ಕಿಂತ ಅಗಲವಾದ ನಗು. ಗದ್ದೆಯಂಚಿನಲ್ಲಿ ಅವಳು ನಕ್ಕರೆ ಆಚೆ ದಿಬ್ಬದಲ್ಲಿ ಮೇಯುವ ದನ ತಲೆ ಎತ್ತುತ್ತದೆ ಎಂದು ಗಂಡ ಭೂತಪ್ಪ ಹೇಳುತ್ತಿದ್ದ. ಇನ್ನೊಂದು ಕೆಲಸದಲ್ಲೂ ಅವಳಿಗೆ ಹೆಸರಿತ್ತು. ಊರಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅದನ್ನು ಮೀಸಲು, ಅಂದರೆ ನೀರೆರೆದು ಸ್ನಾನ ಮಾಡಿಸಲು, ಗುತ್ಯಮ್ಮನೇ ಬರಬೇಕು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಎಣ್ಣೆ ಹಚ್ಚಿದ ಹಸುಗೂಸನ್ನು ಮೊಣಕಾಲಿನ ಮೇಲೆ ಕವುಚಿ ಹಾಕಿ, ಒಂದು ಕೈಯಲ್ಲಿ ಕುತ್ತಿಗೆ ಹಿಡಿದು ಇನ್ನೊಂದು ಕೈಯಲ್ಲಿ ಬಿಸಿನೀರು ಹೊಯ್ದರೆ, ಕಿರುಚುವ ಮಗುವೂ ಅರೆಗಣ್ಣು ಮುಚ್ಚುತ್ತಿತ್ತು. "ಅವಳ ಕೈಯಲ್ಲಿ ಎಂತದೋ ಇದೆ" ಎಂದು ಬಾಣಂತಿಯರು ಹೇಳುತ್ತಿದ್ದರು.

ಆ ವರ್ಷ, ಅಂದರೆ ಅರವತ್ತೆಂಟನೆಯ ಇಸವಿಯ ಜನವರಿಯಲ್ಲಿ, ಗುತ್ಯಮ್ಮನ ಒಬ್ಬಳೇ ಮಗಳು ತುಂಗಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬುತ್ತ ಬಂದಿತ್ತು.

"ಅವ್ವ, ಊರ ಮಕ್ಕಳನ್ನೆಲ್ಲ ಮೀಸಿದೀಯ. ಈಗ ನಂದು. ನಂಗೆ ಬೇರೆ ಯಾರ ಕೈಯೂ ಬ್ಯಾಡ," ಎಂದು ತುಂಗಾ ಬಂದ ದಿನವೇ ಹೇಳಿದ್ದಳು.

"ಬೇರೆಯವರು ಮುಟ್ಟಿದ್ರೆ ನಾನು ಬಿಡ್ತೀನಾ?" ಎಂದು ಗುತ್ಯಮ್ಮ ಆಗಲೇ ಎರಡೂ ಕೈ ನೀಡಿ ಗಾಳಿಯಲ್ಲಿ ಮಗುವನ್ನು ತೂಗಿ ತೋರಿಸಿದ್ದಳು.

ಅದೇ ತಿಂಗಳು ಇನ್ನೊಂದು ಸಂಭ್ರಮವೂ ಇತ್ತು. ಇಪ್ಪತ್ತಾರನೇ ತಾರೀಕು ಶಾಲೆಯ ಬಯಲಿನಲ್ಲಿ ಮಹಿಳಾ ಸಮಾಜದ ಆಟೋಟ. ಹೆಬ್ಬೈಲಿನ ಹೆಂಗಸರಿಗೂ ಹೊಳೆಕೊಪ್ಪದ ಹೆಂಗಸರಿಗೂ ಹಗ್ಗ ಜಗ್ಗಾಟ. ಗೆದ್ದವರಿಗೆ ತಲೆಗೊಂದು ಎವರ್‌ಸಿಲ್ವರ್ ಲೋಟ. ಹೋದ ವರ್ಷ ಲೋಟಗಳೆಲ್ಲ ಹೊಳೆಕೊಪ್ಪಕ್ಕೆ ಹೋಗಿದ್ದವು. ಅಲ್ಲಿಯ ನೆಂಟರ ಮನೆಗೆ ಹೋದಾಗ ಅದೇ ಲೋಟದಲ್ಲಿ ಮಜ್ಜಿಗೆ ಕೊಟ್ಟರೆಂದು ನೆರೆಮನೆಯ ರಂಗಮ್ಮ ವರ್ಷವಿಡೀ ಹೇಳಿಕೊಂಡು ಓಡಾಡಿದ್ದಳು.

ಹಾಗಾಗಿ ಸಂಕ್ರಾಂತಿಯ ಮಾರನೆಯ ದಿನವೇ ಅಭ್ಯಾಸ ಶುರುವಾಯಿತು. ಬಸ್ಸು ನಿಲ್ಲುವಲ್ಲಿ ಚಾ ಅಂಗಡಿ ಇಟ್ಟಿದ್ದ ಜಟ್ಟಿಂಗಪ್ಪ ಎಲ್ಲಿಂದಲೋ ದಪ್ಪ ಹಗ್ಗ ತಂದುಕೊಟ್ಟ. ಎಂಟು ಜನ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಎಲ್ಲರಿಗಿಂತ ಹಿಂದೆ, ಬೇರಿನ ಹಾಗೆ, ಗುತ್ಯಮ್ಮ. ಬಲಗೈಗೆ ಹಗ್ಗವನ್ನು ಬಿಗಿಯಾಗಿ ಮೂರು ಸುತ್ತು ಸುತ್ತಿ, "ಹೂಂ, ಈಗ ಬರ್ಲಿ ಹೊಳೆಕೊಪ್ಪ!" ಎಂದಳು.

ಆಗಲೇ ಶಾಲೆಯ ದಾರಿಯಲ್ಲಿ ನರ್ಸಮ್ಮ ಬಂದಳು. ವಾಗ್ದೇವಿ ಎಂದು ಹೆಸರು. ತೀರ್ಥಹಳ್ಳಿಯ ಕಡೆಯವಳು, ಆರೋಗ್ಯ ಕೇಂದ್ರಕ್ಕೆ ಬಂದು ಎರಡು ವರ್ಷವಾಗಿತ್ತು. ಬಸುರಿಯರನ್ನು ನೋಡಲು ಮನೆಮನೆಗೆ ನಡೆದೇ ಬರುತ್ತಿದ್ದಳು. ಕೊಡೆಯನ್ನು ಕಂಕುಳಿಗೆ ಸೇರಿಸಿ ನಿಂತು ನೋಡಿದಳು. ನಂತರ ನೆಟ್ಟಗೆ ಗುತ್ಯಮ್ಮನ ಹತ್ತಿರ ಹೋದಳು.

"ಗುತ್ಯಮ್ಮ, ಆ ಸುತ್ತು ಬಿಚ್ಚಿ."

"ಯಾಕೆ ನರ್ಸಮ್ಮ? ಹೊಳೆಕೊಪ್ಪದವರು ನಿಮಗೆ ಚಾ ಕುಡಿಸಿದ್ರಾ?"

ಹೆಂಗಸರು ಗೊಳ್ಳೆಂದರು. ವಾಗ್ದೇವಿಯೂ ನಕ್ಕಳು, ಆದರೆ ಕದಲಲಿಲ್ಲ. "ನೋಡಿ, ಸುಮ್ಮನೆ ಹಿಡಿದ ಹಗ್ಗ ಬ್ಯಾಡ ಅಂದ್ರೆ ಬಿಡಬೌದು. ಸುತ್ತಿದ ಹಗ್ಗ ನೀವು ಬಿಟ್ರೂ ಅದು ನಿಮ್ಮನ್ನ ಬಿಡಲ್ಲ. ಆ ಕಡೆ ಎಂಟು ಜನ ಒಟ್ಟಿಗೆ ಎಳೆದ್ರೆ ಈ ಬೆರಳು ಎಂತ ಆಗಬೇಕು?"

"ಇದು ಬೆರಳಲ್ಲ ನರ್ಸಮ್ಮ, ಗೂಟ. ಇಪ್ಪತ್ತಾರು ವರ್ಷದಿಂದ ಹೋರಿ ಹಿಡಿದಿದೀನಿ, ಎಮ್ಮೆ ಹಿಡಿದಿದೀನಿ."

"ಗಂಡನ್ನೂ ಹಿಡಿದಿದಾಳೆ," ಎಂದಳು ರಂಗಮ್ಮ.

ಮತ್ತೆ ನಗು. ವಾಗ್ದೇವಿ ಗುತ್ಯಮ್ಮನ ಕೈ ತಿರುಗಿಸಿ ಉಂಗುರದ ಬೆರಳು ತೋರಿಸಿದಳು. ಮದುವೆಯ ವರ್ಷ ಭೂತಪ್ಪ ಸಾಗರದಲ್ಲಿ ಕೊಡಿಸಿದ ಬೆಳ್ಳಿ ಉಂಗುರ ಅಲ್ಲಿ ಬೆರಳಿನ ಮಾಂಸದೊಳಗೆ ಹೂತು ಕುಳಿತಿತ್ತು.

"ಹಗ್ಗದ ಕೆಲಸಕ್ಕೆ, ಆಟಕ್ಕೆ, ಉಂಗುರ ಇರಬಾರ್ದು. ಸಿಕ್ಕಿಕೊಂಡ್ರೆ ಬೆರಳನ್ನೇ ತಗೊಂಡು ಹೋಗ್ತದೆ."

"ಅದು ಬರಲ್ಲ ಬಿಡಿ. ಸೋಪು, ಎಣ್ಣೆ ಎಲ್ಲ ಹಾಕಿ ನೋಡಾಯ್ತು. ಅದೂ ನಮ್ಮನೆಯವರ ಹಾಗೇನೆ, ಕೂತಲ್ಲಿಂದ ಏಳಲ್ಲ."

ಇಷ್ಟು ನಗುವಿನ ಮುಂದೆ ವಾಗ್ದೇವಿಯ ಮಾತು ನಡೆಯಲಿಲ್ಲ. "ನಾನು ಮತ್ತೆ ಬರ್ತೀನಿ" ಎಂದು ಹೇಳಿ ಕೊಡೆ ಬಿಚ್ಚಿದಳು. ಹೋಗುವ ಮುಂಚೆ ತುಂಗಾಳ ಬೆನ್ನು ನೋವಿಗೆಂದು ಗೋಡೆಗೆ ಇಟ್ಟುಕೊಳ್ಳುವ ದಿಂಬು ಹೇಗೆ ಮಡಚಬೇಕೆಂದು ಸೆರಗು ಮಡಚಿ ಗುತ್ಯಮ್ಮನಿಗೆ ತೋರಿಸಿಕೊಟ್ಟೇ ಹೋದಳು. ತನ್ನನ್ನು ನೋಡಿ ನಕ್ಕವರ ಮೇಲೆ ಅವಳಿಗೆ ಮುನಿಸಿರಲಿಲ್ಲ. ಅದನ್ನು ಗುತ್ಯಮ್ಮ ಗಮನಿಸಿದಳು, ಆದರೆ ಸುತ್ತು ಮಾತ್ರ ಬಿಚ್ಚಲಿಲ್ಲ.

ಮಾರನೆಯ ಬೆಳಿಗ್ಗೆ ಗುತ್ಯಮ್ಮ ಕೆಂಪಿ ಎಂಬ ಕಡಸನ್ನು ಹಿಡಿದು ರಸ್ತೆಯಂಚಿನಲ್ಲಿ ಹೋಗುತ್ತಿದ್ದಳು. ಕೆಂಪಿ ಪುಟ್ಟ ಕಡಸು, ಬೆಕ್ಕಿನ ಹಾಗೆ ಸಾಧು. ಆದರೂ ಕೈಗೆ ಮೂರು ಸುತ್ತು ಇದ್ದೇ ಇತ್ತು. ಜಟ್ಟಿಂಗಪ್ಪನ ಅಂಗಡಿಯ ಹತ್ತಿರ ಬಂದಾಗ ಸಾಗರದಿಂದ ಬರುವ ಬೆಳಗಿನ ಬಸ್ಸು ತಿರುವಿನಲ್ಲಿ ಕಾಣಿಸಿ, ಎಲ್ಲ ದಿನದಂತೆ ಪೋಂ ಎಂದು ಹಾರನ್ ಹೊಡೆಯಿತು.

ಕೆಂಪಿ ಹಾರಿತು.

ಗುತ್ಯಮ್ಮ ಕೈ ಬಿಟ್ಟಳು. ನಿಜವಾಗಿಯೂ ಬಿಟ್ಟಳು, ಐದೂ ಬೆರಳು ಬಿಡಿಸಿದಳು. ಆದರೆ ಹಗ್ಗ ಬಿಡಲಿಲ್ಲ. ಮೂರೂ ಸುತ್ತು ಒಮ್ಮೆಲೇ ಗಂಟಾಗಿ ಬಿಗಿದುಕೊಂಡಿತು. ಹತ್ತು ಹೆಜ್ಜೆ ಓಡಿದಳು, ಮುಗ್ಗರಿಸಿದಳು, ನಾಲ್ಕು ಮಾರು ದೂರ ಮಣ್ಣಿನಲ್ಲಿ ಎಳೆಸಿಕೊಂಡು ಹೋದಳು. ಜಟ್ಟಿಂಗಪ್ಪ ಕೈಯಲ್ಲಿದ್ದ ಚಾ ಸೋಸುವ ಬಟ್ಟೆಯನ್ನು ಎಸೆದು ಓಡಿಬಂದು ಕೆಂಪಿಯ ಕುತ್ತಿಗೆಯನ್ನು ತಬ್ಬಿ ಹಿಡಿದ. ಬಸ್ಸಿನ ಡ್ರೈವರು ನಿಲ್ಲಿಸಿ ಇಳಿದು ಬಂದು, ಹಗ್ಗ ಸಡಿಲವಾಗುವಂತೆ ಕಡಸನ್ನು ಹಿಂದಕ್ಕೆ ತಳ್ಳಿದ. ಆಗ ಹಗ್ಗ ಬಿಡಿಸಲು ಬಂತು.

ಅಂಗೈಯ ಚರ್ಮ ಸುಲಿದು ರಕ್ತ ಬರುತ್ತಿತ್ತು. ಬೆರಳುಗಳು ನೋಡನೋಡುತ್ತಲೇ ಊದತೊಡಗಿದವು.

"ಕಾಫಿಪುಡಿ ತನ್ನಿ, ಕಾಫಿಪುಡಿ ಮೆತ್ತಿ!" ಎಂದರು ಬಸ್ಸಿನಲ್ಲಿದ್ದವರು ಯಾರೋ. "ಹೊಗೆಸೊಪ್ಪು ಒಳ್ಳೇದು" ಎಂದರು ಇನ್ನೊಬ್ಬರು.

"ಯಾವುದೂ ಬ್ಯಾಡ!" ರಸ್ತೆಯಾಚೆ ಆರೋಗ್ಯ ಕೇಂದ್ರದ ಬಾಗಿಲು ತೆರೆಯುತ್ತಿದ್ದ ವಾಗ್ದೇವಿ ಗಲಾಟೆ ಕೇಳಿ ಓಡಿ ಬಂದಿದ್ದಳು. "ಕೈ ಎದೆಗಿಂತ ಮೇಲೆ ಎತ್ತಿ ಹಿಡೀರಿ ಗುತ್ಯಮ್ಮ. ಹಾಗೇ ನಡೀರಿ ನನ್ನ ಜೊತೆ."

ಕೇಂದ್ರದ ಬೆಂಚಿನ ಮೇಲೆ ಕುಳಿತ ಗುತ್ಯಮ್ಮ ಒಂದೇ ಮಾತು ಕೇಳಿದಳು. "ನರ್ಸಮ್ಮ, ಮೊಮ್ಮಗು ಬರಕ್ಕೆ ಇನ್ನೈದು ವಾರ. ಅಷ್ಟರೊಳಗೆ ಈ ಕೈ ಮಗು ಹಿಡೀತದಾ?"

ವಾಗ್ದೇವಿ ಅವಳ ಕೈ ತಿರುಗಿಸಿ ನೋಡಿದಳು. "ಮೊದಲು ಉಂಗುರ" ಎಂದಳು. "ಬೆರಳು ಊದಿದ ಹಾಗೆಲ್ಲ ಅದು ಕತ್ತರಿಸ್ತಾ ಹೋಗ್ತದೆ. ಗಾಯ ತೊಳೆಯೋದು ಆಮೇಲೆ."

ಅವಳು ಹೊಲಿಯುವ ದಾರ ತಂದಳು. ದಾರದ ಒಂದು ತುದಿಯನ್ನು ಉಂಗುರದ ಅಡಿಯಿಂದ ತೂರಿಸಿದಳು. ಉಳಿದ ದಾರವನ್ನು ಉಂಗುರದಿಂದ ಗಿಣ್ಣಿನ ಆಚೆಯವರೆಗೆ ಬೆರಳಿಗೆ ಒತ್ತೊತ್ತಾಗಿ ಸುತ್ತಿದಳು.

ಅಷ್ಟು ನೋವಿನಲ್ಲೂ ಗುತ್ಯಮ್ಮನ ನಾಲಿಗೆ ಸುಮ್ಮನಿರಲಿಲ್ಲ. "ಸುತ್ತಬ್ಯಾಡ ಅಂತ ನಂಗೆ ಹೇಳಿ ಈಗ ನೀವೇ ಸುತ್ತೀರಲ್ಲ ನರ್ಸಮ್ಮ!"

"ನಾನು ಬಿಚ್ಚಕ್ಕೆ ಸುತ್ತೋದು," ಎಂದು ವಾಗ್ದೇವಿ ಸಾಬೂನು ಹಚ್ಚಿ, ಅಡಿಯ ತುದಿಯನ್ನು ಹಿಡಿದು ದಾರವನ್ನು ನಿಧಾನವಾಗಿ ಬಿಚ್ಚುತ್ತ ಬಂದಳು. ದಾರದ ಒಂದೊಂದು ಸುತ್ತು ಬಿಚ್ಚಿದ ಹಾಗೆ ಉಂಗುರ ಒಂದೊಂದು ಎಳೆಯಷ್ಟು ಮೇಲೆ ಬಂತು. ಗಿಣ್ಣು ದಾಟಿತು. ಟಣ್ ಎಂದು ತಟ್ಟೆಗೆ ಬಿತ್ತು. ಕಿಟಕಿಯಲ್ಲಿ ಇಣುಕುತ್ತಿದ್ದ ಜಟ್ಟಿಂಗಪ್ಪ, "ಹೋ!" ಎಂದು ಚಪ್ಪಾಳೆ ತಟ್ಟಿದ.

ವಾಗ್ದೇವಿ ಕುದಿಸಿ ಆರಿಸಿದ ನೀರಿನಲ್ಲಿ ಗಾಯ ತೊಳೆದು, ಮಣ್ಣು ಹೋಗಿಸಿ, ಶುದ್ಧ ಬಟ್ಟೆ ಕಟ್ಟಿದಳು. ಧನುರ್ವಾಯು ಬಾರದ ಹಾಗೆ ಸೂಜಿ ಹಾಕಿದಳು. "ಮಣ್ಣು, ಸಗಣಿ ತಾಗಿದ ಗಾಯಕ್ಕೆ ಇದು ಬೇಕೇ ಬೇಕು" ಎಂದಳು. ಮೂಳೆಗೆ ಪೆಟ್ಟಾಗಿದೆಯೋ ಏನೋ ಎಂದು ಅದೇ ಬಸ್ಸಿನಲ್ಲಿ ಸುದ್ದಿ ಕೇಳಿ ಓಡಿ ಬಂದ ಭೂತಪ್ಪನ ಜೊತೆ ಹೊಸನಗರದ ಆಸ್ಪತ್ರೆಗೆ ಕಳಿಸಿದಳು. ಡ್ರೈವರು ಅಷ್ಟು ಹೊತ್ತೂ ಬಸ್ಸು ನಿಲ್ಲಿಸಿಕೊಂಡಿದ್ದ. ಒಬ್ಬ ಪ್ರಯಾಣಿಕನೂ ತಡವಾಯಿತು ಎನ್ನಲಿಲ್ಲ. ಒಬ್ಬ ಅಜ್ಜಿಯಂತೂ ಎದ್ದು ಕಿಟಕಿಯ ಪಕ್ಕದ ತನ್ನ ಜಾಗವನ್ನು ಬಿಟ್ಟುಕೊಟ್ಟು, ದಾರಿಯುದ್ದಕ್ಕೂ ಗುತ್ಯಮ್ಮನ ಮೊಣಕೈಯನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡಳು.

ಡಾಕ್ಟರು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. "ಪುಣ್ಯ, ಮೂಳೆ ಮುರಿದಿಲ್ಲ. ಮೂರು ವಾರ ಈ ಕೈಯಲ್ಲಿ ಭಾರ ಎತ್ತಬಾರದು. ಆಮೇಲೆ ಬೆರಳು ಮಡಚೋದು ಕಲಿಸಬೇಕು. ಪೂರ್ತಿ ಮಡಚುತ್ತದೋ ಇಲ್ಲವೋ ಈಗಲೇ ಹೇಳೋಕಾಗಲ್ಲ" ಎಂದರು.

ಆ ಕೊನೆಯ ಮಾತು ಗುತ್ಯಮ್ಮನ ಎದೆಯಲ್ಲಿ ಕುಳಿತುಬಿಟ್ಟಿತು. ಹಸುಗೂಸಿನ ಕುತ್ತಿಗೆ ಹಿಡಿಯುವುದು ಬಲಗೈ. ಮಡಚದ ಬೆರಳಲ್ಲಿ, ಎಣ್ಣೆ ಹಚ್ಚಿದ ಮಗು ಜಾರಿದರೆ?

ಮನೆಗೆ ಬಂದರೆ ಹೊಸ ಸಂಸಾರವೇ ಶುರುವಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಕೊಟ್ಟಿಗೆಯ ಹಾಲು ಆಗಲೇ ಕರೆದಾಗಿದೆ. ಯಾರೆಂದು ಕೇಳಿದರೆ ರಂಗಮ್ಮ "ನಂಗೆಂತ ಗೊತ್ತು?" ಎನ್ನುತ್ತಾಳೆ, ಕೈಯಲ್ಲಿ ಮಾತ್ರ ಹಾಲಿನ ಹನಿ. ಮಧ್ಯಾಹ್ನ ಬಂದು ಗುತ್ಯಮ್ಮನ ತಲೆ ಬಾಚಿ ಗಂಟು ಹಾಕುತ್ತಾಳೆ. ಬಾಚುವಾಗ ಮಾತ್ರ ಸಿಕ್ಕಿದ ಅವಕಾಶ ಬಿಡುವುದಿಲ್ಲ. "ಗುತ್ಯಕ್ಕ, ಗೂಟ ಹೆಂಗಿದೆ?"

"ನಗು, ನಗು. ನಿನ್ನ ಕೂದಲು ನನ್ನ ಕೈಗೆ ಸಿಗದೇ ಇರ್ತದಾ?"

ಭೂತಪ್ಪನೂ ಬದಲಾಗಿದ್ದ. ಮದುವೆಯಾದ ಮೇಲೆ ಒಂದು ಕೊಡ ನೀರು ಸೇದದವನು, ಮೂರನೆಯ ದಿನ ಬೆಳಿಗ್ಗೆ ಸದ್ದಿಲ್ಲದೆ ಬಾವಿಕಟ್ಟೆ ಹತ್ತಿದ. ಅಡಿಗೆಮನೆಯ ಕಿಟಕಿಯಿಂದ ಗುತ್ಯಮ್ಮ ನೋಡಿದಳು. ಅವಳ ಕಣ್ಣು ಒದ್ದೆಯಾಗುವುದರಲ್ಲಿತ್ತು. ಅಷ್ಟರಲ್ಲಿ ಭೂತಪ್ಪ ಕೊಡ ಇಳಿಬಿಟ್ಟು ಹಗ್ಗದ ಈಚೆ ತುದಿಯನ್ನು ಕೈಗೆ ಸುತ್ತತೊಡಗಿದ. ಒಂದು ಸುತ್ತು. ಎರಡು ಸುತ್ತು.

"ಹೋಯ್! ಸುತ್ಕಬೇಡ್ರೀ!"

ಭೂತಪ್ಪ ಬೆಚ್ಚಿ, ಇನ್ನೂ ಬಿಗಿಯದ ಸುತ್ತನ್ನು ಕೊಡವಿ ಹಗ್ಗವನ್ನೇ ಬಿಟ್ಟ. ರಾಟೆ ಗರಗರ ತಿರುಗಿ ಕೊಡ ಹಗ್ಗದ ಸಮೇತ ಬಾವಿಗೆ ಬಿತ್ತು.

"ಎಂತ ಮಾರಾಯ್ತಿ, ಹೆದರಿಸಿ ಕೊಲ್ತೀಯ!"

"ಕೊಡ ಹೋದ್ರೆ ಹೋಗ್ಲಿ, ಪಾತಾಳಗರಡಿ ಹಾಕಿ ತೆಗೀಬೌದು. ಕೈ ಹೋದ್ರೆ ಯಾವ ಬಾವೀಲಿ ಹುಡುಕ್ತೀರಿ?"

ಜಗಲಿಯ ಮೇಲೆ ಕುಳಿತಿದ್ದ ತುಂಗಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವ್ವ, ನೀನೇ ನರ್ಸಮ್ಮ ಆಗಿಬಿಟ್ಯಲ್ಲ!"

ಗುತ್ಯಮ್ಮನೂ ನಕ್ಕಳು. ಅವಳು ಬಿದ್ದ ಮೇಲೆ ಹೊಟ್ಟೆ ತುಂಬ ನಕ್ಕದ್ದು ಅದೇ ಮೊದಲು. ಆ ಸಂಜೆ ವಾಗ್ದೇವಿ ಪಟ್ಟಿ ಬದಲಿಸಲು ಬಂದಾಗ ತಾನಾಗಿಯೇ ಕೇಳಿದಳು. "ನರ್ಸಮ್ಮ, ಸುತ್ತಬಾರ್ದು ಸರಿ. ಮತ್ತೆ ದನ ಹಿಡಿಯೋದು ಹೆಂಗೆ? ಉದ್ದ ಹಗ್ಗ ನೆಲಕ್ಕೆ ಬಿಟ್ರೆ ಕಾಲಿಗೆ ತೊಡರ್ತದೆ."

"ಮಡಚಿ ಹಿಡೀರಿ." ವಾಗ್ದೇವಿ ಸೀರೆಯ ನೆರಿಗೆ ಹಿಡಿಯುವ ಹಾಗೆ ಹಗ್ಗವನ್ನು ಹಿಂದಕ್ಕೂ ಮುಂದಕ್ಕೂ ಮಡಚಿ ಅಂಗೈಯಲ್ಲಿ ಹಿಡಿದು ತೋರಿಸಿದಳು. "ಕೈ ಹಗ್ಗದ ಹೊರಗಿರಬೇಕು, ಒಳಗಲ್ಲ. ದನ ಹಾರಿದ್ರೆ ಮಡಿಕೆ ತಾನೇ ಬಿಚ್ಚಿಕೊಂಡು ಹೋಗ್ತದೆ. ದನ ಸಂಜೆಗೆ ಮನೆಗೆ ಬರ್ತದೆ."

ಸೀರೆಯ ನೆರಿಗೆ! ಇದು ಗುತ್ಯಮ್ಮನಿಗೆ ಒಂದೇ ಸಲಕ್ಕೆ ಬಂತು. ಭೂತಪ್ಪನಿಗೆ ಕಲಿಸಲು ಮಾತ್ರ ಎರಡು ದಿನ ಬೇಕಾಯಿತು.

ಇತ್ತ ಜಗ್ಗಾಟದ ತಂಡ ಬೇರು ಕಿತ್ತ ಮರವಾಗಿತ್ತು. ಎಂಟನೆಯವಳಾಗಿ ಬೇರೊಬ್ಬಳು ಸೇರಿದಳು, ಗುತ್ಯಮ್ಮ ಎಳೆಯುವ ಹಾಗಿಲ್ಲ. ಆದರೆ ಸುಮ್ಮನೆ ಕೂರುವ ಹೆಂಗಸೂ ಅಲ್ಲ. ಜೋಳಿಗೆಯಲ್ಲಿ ಕೈ ತೂಗುಹಾಕಿಕೊಂಡು ಬಯಲಿಗೆ ಬಂದು ಎದುರು ನಿಂತಳು. "ಯಾರೂ ಸುತ್ತಬಾರ್ದು. ಉಂಗುರ ತೆಗೀರಿ."

"ಸುತ್ತದೇ ಇದ್ರೆ ಕೈ ಜಾರ್ತದಲ್ಲ ಗುತ್ಯಕ್ಕ?" ಎಂದಳು ರಂಗಮ್ಮ.

ಅದಕ್ಕೆ ವಾಗ್ದೇವಿ ಉತ್ತರ ತಂದಿದ್ದಳು. ನರ್ಸ್ ಟ್ರೈನಿಂಗಿನಲ್ಲಿ ಅವಳೂ ಹಗ್ಗ ಎಳೆದವಳೇ. ಕೈಗೆ ಒಣ ಮಣ್ಣು ಉಜ್ಜಿಕೊಳ್ಳಬೇಕು. ಎರಡೂ ಅಂಗೈ ಮೇಲ್ಮುಖವಾಗಿ, ಒಂದರ ಪಕ್ಕ ಒಂದು. ಹಗ್ಗ ಕಂಕುಳ ಅಡಿಯಲ್ಲಿ. ಎಳೆಯುವುದು ಕೈಯಿಂದಲ್ಲ, ಮೈ ಹಿಂದಕ್ಕೆ ವಾಲಿಸಿ ಕಾಲಿನಿಂದ. ಒಬ್ಬರು ತಟ್ಟನೆ ಬಿಟ್ಟರೆ ಉಳಿದವರು ಬೀಳುತ್ತಾರೆ, ಆದ್ದರಿಂದ ಸೀಟಿ ಊದಿದ ಮೇಲೆ ಎಲ್ಲರೂ ಒಟ್ಟಿಗೆ ಸಡಿಲಿಸಬೇಕು.

ಬಳೆಯ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ಹಿಂದೆ ಸರಿದರು. ಗಾಜಿನ ಬಳೆ ಒಡೆದರೆ ಕೈ ಕೊಯ್ಯುತ್ತದೆ ನಿಜ, ಆದರೆ ಮುತ್ತೈದೆಯರು ಬಳೆ ತೆಗೆದು ಬರಿಗೈಯಲ್ಲಿ ನಿಲ್ಲುವುದುಂಟೇ? ವಾಗ್ದೇವಿ ಒತ್ತಾಯ ಮಾಡಲಿಲ್ಲ. ಹಳೆಯ ಸೀರೆಯ ಅಂಚನ್ನು ಉದ್ದುದ್ದ ಹರಿದು ತಂದಿದ್ದಳು. ಪ್ರತಿಯೊಬ್ಬಳ ಬಳೆಯನ್ನೂ ಮೊಣಕೈಯ ಕಡೆಗೆ ಸರಿಸಿ, ಮೇಲಿಂದ ಬಟ್ಟೆ ಸುತ್ತಿ, ತಾನೇ ಗಂಟು ಹಾಕಿದಳು. ಆ ಸೀರೆಯಂಚು ವಾಗ್ದೇವಿಯದೇ ಎಂದು ಗುತ್ಯಮ್ಮನಿಗೆ ಗುರುತು ಸಿಕ್ಕಿತು. ವಾರದ ಹಿಂದೆ ಉಟ್ಟು ಬಂದಿದ್ದಳು.

ಇಪ್ಪತ್ತಾರನೇ ತಾರೀಕು ಬಯಲು ತುಂಬ ಜನ. ಬಾವುಟ ಹಾರಿಸಿ, ಮಿಠಾಯಿ ಹಂಚಿ, ಕೊನೆಗೆ ಹಗ್ಗ ಬಂತು. ಜಟ್ಟಿಂಗಪ್ಪ ಬಿಳಿ ಅಂಗಿ ಹಾಕಿ ಬಾಯಲ್ಲಿ ಸೀಟಿ ಇಟ್ಟುಕೊಂಡು ನಡುವೆ ನಿಂತ. ಮೊದಲ ಸಲ ಹೊಳೆಕೊಪ್ಪ ಎಳೆದುಕೊಂಡಿತು. ಎರಡನೆಯದು ಹೆಬ್ಬೈಲಿಗೆ. ಮೂರನೆಯದಕ್ಕೆ ಎರಡೂ ಊರಿನವರು ಎದ್ದು ನಿಂತರು.

ಜಟ್ಟಿಂಗಪ್ಪ ಕೈ ಎತ್ತಿದ. ಅಷ್ಟರಲ್ಲಿ ಗುತ್ಯಮ್ಮನ ಕಣ್ಣು ಹೊಳೆಕೊಪ್ಪದ ಸಾಲಿನ ಕೊನೆಗೆ ಹೋಯಿತು. ಅಲ್ಲಿ ದುಗ್ಗಮ್ಮ ಎಂಬ ಹೆಂಗಸು, ಹೆಚ್ಚು ಕಡಿಮೆ ಗುತ್ಯಮ್ಮನದೇ ಮೈಕಟ್ಟು, ಈ ಕೊನೆಯ ಎಳೆತ ಸೋಲಬಾರದೆಂದು ಹಗ್ಗವನ್ನು ಬಲಗೈಗೆ ಸುತ್ತುತ್ತಿದ್ದಳು. ಒಂದು ಸುತ್ತು. ಎರಡು ಸುತ್ತು. ಮೂರು.

"ಊದಬ್ಯಾಡ ಜಟ್ಟಿಂಗಣ್ಣ!"

ಗುತ್ಯಮ್ಮ ಬಯಲಿನ ನಡುವೆ ಓಡಿ ಹಗ್ಗದ ಮುಂದೆ ನಿಂತುಬಿಟ್ಟಳು. ಹೊಳೆಕೊಪ್ಪದ ಕಡೆಯಿಂದ ಕೂಗು ಎದ್ದಿತು. "ಸೋಲ್ತೀವಿ ಅಂತ ಆಟ ನಿಲ್ಲಿಸ್ತಾರೆ!" "ಹೆಬ್ಬೈಲಿನ ಉಪಾಯ ನೋಡ್ರೋ!"

ಗುತ್ಯಮ್ಮ ನೆಟ್ಟಗೆ ದುಗ್ಗಮ್ಮನ ಹತ್ತಿರ ಹೋಗಿ, ಜೋಳಿಗೆಯಿಂದ ಕೈ ತೆಗೆದು, ಬಟ್ಟೆಯನ್ನು ಸ್ವಲ್ಪ ಸರಿಸಿದಳು. ಹಳದಿ ನೀಲಿ ಬಣ್ಣಕ್ಕೆ ತಿರುಗಿದ ಬೆರಳುಗಳು, ಅಂಗೈಯಲ್ಲಿ ಹಗ್ಗದ ಎಳೆಎಳೆಯೂ ಮೂಡಿದ ಗಾಯ.

"ತಂಗಿ, ಇದನ್ನ ಮಾಡಿದ್ದು ಒಂದು ಕಡಸು. ಒಂದೇ ಒಂದು ಪುಟ್ಟ ಕಡಸು. ನೀನು ಎಂಟು ಜನ ಹೆಂಗಸರ ಎದುರಿಗೆ ಸುತ್ತಿಕಂಡು ನಿಂತಿದೀಯ. ಅದ್ರಲ್ಲಿ ರಂಗಮ್ಮನೂ ಇದಾಳೆ."

ದುಗ್ಗಮ್ಮ ಕೈಯನ್ನು ನೋಡಿದಳು. ಗುತ್ಯಮ್ಮನ ಮುಖ ನೋಡಿದಳು. "ಅಯ್ಯೋ ಅಕ್ಕ" ಎಂದು ಅವಸರದಲ್ಲಿ ಮೂರೂ ಸುತ್ತು ಬಿಚ್ಚಿದಳು. ಗುತ್ಯಮ್ಮ ಅಷ್ಟಕ್ಕೇ ಬಿಡದೆ, ಅಂಗೈ ಹೇಗಿರಬೇಕು, ಹಗ್ಗ ಕಂಕುಳ ಅಡಿಗೆ ಹೇಗೆ ಬರಬೇಕು ಎಂದು ಎಡಗೈಯಲ್ಲೇ ತೋರಿಸಿಕೊಟ್ಟಳು. ಬಗ್ಗಿ ಒಂದು ಹಿಡಿ ಒಣ ಮಣ್ಣು ತೆಗೆದು ಎದುರಾಳಿಯ ಎರಡೂ ಕೈಗೆ ಸುರಿದಳು.

"ಯಾರ ಕಡೆಗೆ ನೀನು?" ಎಂದು ಹಿಂದಿನಿಂದ ರಂಗಮ್ಮ ಚೀರಿದಳು.

"ಬೆರಳಿನ ಕಡೆಗೆ!"

ಬಯಲಿಗೆ ಬಯಲೇ ನಕ್ಕಿತು. ಸೀಟಿ ಮೊಳಗಿತು. ಹೊಸ ವಿದ್ಯೆ ಕಲಿತ ದುಗ್ಗಮ್ಮ ಬಂಡೆಯ ಹಾಗೆ ಹಿಂದಕ್ಕೆ ವಾಲಿದಳು. ಹೆಬ್ಬೈಲಿನವರು ಹಲ್ಲು ಕಚ್ಚಿ, ಹಿಮ್ಮಡಿ ಊರಿ, ಉಸಿರು ಬಿಗಿಹಿಡಿದು ಎಳೆದು, ಕೊನೆಗೆ ಒಬ್ಬರ ಮೇಲೊಬ್ಬರು ದೊಪ್ಪದೊಪ್ಪನೆ ಕುಕ್ಕರಿಸಿ ಸೋತರು. ಲೋಟಗಳು ಮತ್ತೆ ಹೊಳೆಕೊಪ್ಪಕ್ಕೆ ಹೋದವು.

ರಂಗಮ್ಮ ಸೀರೆಯ ಧೂಳು ಕೊಡವುತ್ತ ಎರಡೂ ಕೈ ಎದುರು ಹಿಡಿದು ಬೆರಳು ಎಣಿಸಿದಳು. "ಹತ್ತೂ ಇದೆ. ಹೋಗ್ಲಿ ಬಿಡು, ಮುಂದಿನ ವರ್ಷಕ್ಕೂ ಆಗ್ತದೆ."

ಪಟ್ಟಿ ಬಿಚ್ಚಿದ ಮೇಲೆ ನಿಜವಾದ ಕಷ್ಟ ಎದುರಾಯಿತು. ಬೆರಳುಗಳು ಮರದ ಹಾಗೆ ಸೆಟೆದುಕೊಂಡಿದ್ದವು. ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು, ಮಡಚಿ ಬಿಡಿಸಿ, ಮಡಚಿ ಬಿಡಿಸಿ ಮಾಡಬೇಕೆಂದು ವಾಗ್ದೇವಿ ಹೇಳಿದ್ದಳು. ನೋವು ತಡೆಯಲಾಗದೆ ಗುತ್ಯಮ್ಮ ತುಟಿ ಕಚ್ಚುತ್ತಿದ್ದಳು. ಉಂಗುರದ ಬೆರಳು ಮಾತ್ರ ಹಟ ಹಿಡಿದು ಅರ್ಧಕ್ಕೇ ನಿಲ್ಲುತ್ತಿತ್ತು.

ಒಂದು ದಿನ ಮಧ್ಯಾಹ್ನ ತುಂಗಾ ಎದ್ದು ಬಂದರೆ ಬಚ್ಚಲಿನಿಂದ ಗುಣುಗುಣು ಹಾಡು ಕೇಳಿಸಿತು. ಇಣುಕಿದಳು. ಅವ್ವ ಕಾಲು ಚಾಚಿ ಕುಳಿತಿದ್ದಾಳೆ. ಮೊಣಕಾಲ ಮೇಲೆ ಎಣ್ಣೆ ಹಚ್ಚಿದ ದೊಡ್ಡದೊಂದು ಮಗೆಕಾಯಿ, ಸಾಂಬಾರಿನ ಸೌತೆ. ಬಲಗೈಯಲ್ಲಿ ಅದರ ತೊಟ್ಟಿನ ಕಡೆ ಹಿಡಿದು, ಎಡಗೈಯಲ್ಲಿ ಚೊಂಬಿನಿಂದ ನೀರು ಹೊಯ್ಯುತ್ತ, "ಅಳಬ್ಯಾಡ ನನ್ನ ಬಂಗಾರಿ" ಎನ್ನುತ್ತಿದ್ದಾಳೆ.

"ಅವ್ವ! ಎಂತ ಮಾಡ್ತಿದೀಯ?"

ಗುತ್ಯಮ್ಮ ಕಳ್ಳಿಯಂತೆ ತಿರುಗಿದಳು. ಮಗೆಕಾಯಿ ಜಾರಿ ಹಂಡೆಗೆ ಬಡಿದು ಉರುಳಿತು. ಅವಳ ಮುಖ ಸಪ್ಪೆಯಾಯಿತು. "ನಾಲ್ಕನೇ ಸಲ ಬೀಳ್ತಾ ಇರೋದು. ತುಂಗಾ, ನಿನ್ನ ಮಗುನ ಬೇರೆ ಯಾರಾದ್ರೂ..."

"ನಿನ್ನೆ ಎಷ್ಟು ಸಲ ಬಿತ್ತು?"

"ಏಳು."

"ಮತ್ತೆ! ಇವತ್ತು ನಾಲ್ಕು." ತುಂಗಾ ಮಗೆಕಾಯಿಯನ್ನು ಎತ್ತಿ, ಸೆರಗಿನಿಂದ ಒರೆಸಿ, ಅವ್ವನ ಕಾಲ ಮೇಲೆ ಇಟ್ಟಳು. "ಮೀಸು. ಕಿವಿ ಹಿಂದೆ ಸರಿಯಾಗಿ ತೊಳೆದಿಲ್ಲ."

ಇಬ್ಬರೂ ನಕ್ಕು ನಕ್ಕು ಸಾಕಾದರು. ಆ ದಿನದಿಂದ ಬಚ್ಚಲಿನ ಅಭ್ಯಾಸ ಗುಟ್ಟಾಗಿ ಉಳಿಯಲಿಲ್ಲ. ಭೂತಪ್ಪ ದಿನಕ್ಕೊಂದು ಹೊಸ ಮಗೆಕಾಯಿ ಆರಿಸಿ ತಂದು ಬಾಗಿಲಲ್ಲಿ ಇಡುತ್ತಿದ್ದ. ಬಿದ್ದು ಒಡೆದದ್ದು ಮಧ್ಯಾಹ್ನದ ಹುಳಿಗೆ ಹೋಗುತ್ತಿತ್ತು. ಎರಡು ವಾರ ಆ ಮನೆಯಲ್ಲಿ ಬೇರೆ ತರಕಾರಿ ಇರಲಿಲ್ಲ, ಯಾರೂ ಬೇಸರಿಸಲಿಲ್ಲ.

ಫೆಬ್ರವರಿ ಕೊನೆಯ ಒಂದು ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ, ತುಂಗಾಳಿಗೆ ಹೆಣ್ಣು ಮಗುವಾಯಿತು. ವಾಗ್ದೇವಿಯೇ ಜೊತೆಗಿದ್ದಳು. ಮಗುವನ್ನು ಮೀಸಬಹುದು ಎಂದು ಅವಳು ಹೇಳಿದ ದಿನ ಗುತ್ಯಮ್ಮ ಎರಡೂ ಕೈ ಮುಂದೆ ನೀಡಿದಳು.

"ನೀವೇ ನೋಡಿ ಹೇಳಿ ನರ್ಸಮ್ಮ. ಈ ಕೈಯಲ್ಲಿ ಆಗಲ್ಲ ಅಂದ್ರೆ ನಾನು ಹಟ ಮಾಡಲ್ಲ."

ಒಂದೂವರೆ ತಿಂಗಳ ಹಿಂದಿನ ಗುತ್ಯಮ್ಮ ಹೀಗೆ ಕೇಳುವವಳಲ್ಲ. ವಾಗ್ದೇವಿ ತನ್ನ ಮಣಿಕಟ್ಟನ್ನು ಅವಳ ಬಲಗೈಗೆ ಕೊಟ್ಟು, "ಹಿಡೀರಿ, ಗಟ್ಟಿ" ಎಂದಳು. ಗುತ್ಯಮ್ಮ ಹಿಡಿದಳು. ಉಂಗುರದ ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ, ಮುಂದೆಯೂ ಬಹುಶಃ ಮಡಚಲಾರದು. ಉಳಿದ ನಾಲ್ಕು ಗಟ್ಟಿಯಾಗಿ ಕೂತವು.

ವಾಗ್ದೇವಿ ಕೈ ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. "ಸಾಕು ಬಿಡ್ರೀ ಗುತ್ಯಮ್ಮ, ನಂಗೆ ಇನ್ನೂ ಮೂರು ಮನೆ ಇದೆ," ಎಂದು ನಕ್ಕಳು. "ಮೀಸಿ. ನಾನು ಪಕ್ಕದಲ್ಲೇ ಕೂತಿರ್ತೀನಿ."

ಗುತ್ಯಮ್ಮ ಕಾಲು ಚಾಚಿ ಕುಳಿತಳು. ಬಾಗಿಲಲ್ಲಿ ಭೂತಪ್ಪ, ಅವನ ಹೆಗಲ ಹಿಂದೆ ರಂಗಮ್ಮ, ಇಬ್ಬರೂ ಉಸಿರು ಹಿಡಿದು ನಿಂತಿದ್ದರು. ಮೊದಲ ಚೊಂಬಿನ ನೀರು ಬಿದ್ದಾಗ ಮಗು ಮುಖ ಕಿವುಚಿ ಕಿರುಚಿತು. ಎರಡನೆಯದಕ್ಕೆ ಸ್ವಲ್ಪ ಕಡಿಮೆ. ಮೂರನೆಯ ಚೊಂಬಿಗೆ ಅರೆಗಣ್ಣು ಮುಚ್ಚಿ, ಅಜ್ಜಿಯ ಅಂಗೈಯಲ್ಲಿ ಕುತ್ತಿಗೆ ಒರಗಿಸಿ, ಬಾಯಿ ಚಪ್ಪರಿಸಿತು. ಗುತ್ಯಮ್ಮನ ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಮುಖ ತುಂಬ ನಗು.

ಈ ಕಥೆಯನ್ನು ಓದುತ್ತಿರುವ ತಾಯಂದಿರೇ, ಯಾರೋ ಓದಿ ಹೇಳುವುದನ್ನು ಕೇಳುತ್ತಿರುವ ಅಣ್ಣತಮ್ಮಂದಿರೇ, ಈಗಲೇ ನಿಮ್ಮ ಎರಡೂ ಕೈಯನ್ನು ಎದುರಿಗೆ ಹಿಡಿದು ಒಮ್ಮೆ ನೋಡಿಕೊಳ್ಳಿ. ಅನ್ನ ಕಲಸುವುದು, ಸಸಿ ನೆಡುವುದು, ಅಳುವವರ ಬೆನ್ನು ಸವರುವುದು, ಎಲ್ಲ ಇವುಗಳಿಂದಲೇ. ನಾಳೆ ದನ ಬಿಚ್ಚುವಾಗ, ನೀರು ಸೇದುವಾಗ, ಆಟದ ಬಯಲಿನಲ್ಲಿ ಎಳೆಯುವಾಗ ಹಗ್ಗವನ್ನು ಕೈಗೆ ಸುತ್ತಬೇಡಿ. ದನದ ಹಗ್ಗವನ್ನು ಸೀರೆಯ ನೆರಿಗೆಯಂತೆ ಮಡಚಿ ಹಿಡಿಯಿರಿ. ಕಬ್ಬಿನ ಗಾಣದ ಹತ್ತಿರವಾಗಲಿ, ಹಿಟ್ಟಿನ ಗಿರಣಿಯ ತಿರುಗುವ ಬೆಲ್ಟಿನ ಹತ್ತಿರವಾಗಲಿ ಹೋಗುವ ಮೊದಲು ಉಂಗುರ ತೆಗೆದಿಡಿ, ಬಳೆಗೆ ಬಟ್ಟೆ ಕಟ್ಟಿ, ಸೆರಗು ಸಿಕ್ಕಿಸಿ. ಪೆಟ್ಟು ಬಿದ್ದರೆ ಕೈ ಮೇಲೆತ್ತಿ ಹಿಡಿಯಿರಿ, ಊದುವ ಮೊದಲೇ ಉಂಗುರ ಬಿಡಿಸಿ, ಕಾಫಿಪುಡಿ ಹೊಗೆಸೊಪ್ಪು ಮೆತ್ತದೆ ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ನಡೆಯಿರಿ. ಪಕ್ಕದವರು ಹಗ್ಗ ಸುತ್ತಿಕೊಳ್ಳುವುದು ಕಂಡರೆ ಸಂಕೋಚ ಪಡದೆ ಕೂಗಿ ಹೇಳಿ. ನಕ್ಕರೆ ನಗಲಿ. ಅವರು ನಗುತ್ತ ಸುತ್ತು ಬಿಚ್ಚಿದರೆ ಅಷ್ಟೇ ಸಾಕು.